ವಲಸೆಗಾರನ ಮೂಲದ ಶೋಧ: ವಸಾಹತು ಅಮೆರಿಕದ ವೈಸರ್ ಮನೆತನ ಮತ್ತು ಅದರ ಆಕರಗಳು

ಒಂದು ಮನೆತನದ ಚರಿತ್ರೆಯನ್ನು ಕಟ್ಟುವುದೆಂದರೆ ಹೆಸರುಗಳನ್ನು ಸಾಲಾಗಿ ಜೋಡಿಸುವುದಷ್ಟೇ ಅಲ್ಲ. ಆ ಹೆಸರುಗಳನ್ನು ಯಾರು ಬರೆದರು, ಯಾವ ಉದ್ದೇಶಕ್ಕಾಗಿ ಬರೆದರು, ಎಲ್ಲಿಗೆ ಬರೆಯುವುದನ್ನು ನಿಲ್ಲಿಸಿದರು ಎಂಬುದನ್ನೂ ಅರಿಯಬೇಕಾಗುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ಭಾಷೆಯ ಪ್ರದೇಶಗಳಿಂದ ಉತ್ತರ ಅಮೆರಿಕದ ಬ್ರಿಟಿಷ್ ವಸಾಹತುಗಳಿಗೆ ತೆರಳಿದ ಕುಟುಂಬಗಳ ವಂಶಾವಳಿಯನ್ನು ಶೋಧಿಸುವಾಗ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹುಟ್ಟಿದ ಊರಿನ ದಾಖಲೆ ಜರ್ಮನ್ ಭಾಷೆಯಲ್ಲಿದೆ. ಪ್ರಯಾಣ ಮತ್ತು ಪುನರ್ವಸತಿಯ ದಾಖಲೆಗಳನ್ನು ಬರೆದವರು ಇಂಗ್ಲಿಷ್ ಗುಮಾಸ್ತರು. ನೆಲೆನಿಂತ ಮೇಲಿನ ದಾಖಲೆಗಳು ಎರಡೂ ಭಾಷೆಗಳಲ್ಲಿ ಚದುರಿಹೋಗಿವೆ. ಇವುಗಳ ನಡುವೆ ಒಬ್ಬ ವ್ಯಕ್ತಿಯ ಜಾಡನ್ನು ತಪ್ಪದೆ ಹಿಡಿಯುವುದು ಹೇಗೆ ಎಂಬುದನ್ನು, ಯೋಹಾನ್ ಕಾನ್ರಾಡ್ ವೈಸರ್ ಎಂಬ ವಲಸೆಗಾರನ ಮನೆತನವನ್ನು ನಿದರ್ಶನವಾಗಿಟ್ಟುಕೊಂಡು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಈ ಮನೆತನವನ್ನು ಆರಿಸಿಕೊಳ್ಳಲು ಎರಡು ಕಾರಣಗಳಿವೆ. ಮೊದಲನೆಯದು, ವಲಸೆಗಾರನ ಮಗನಾದ ಕಾನ್ರಾಡ್ ವೈಸರ್ (1696–1760) ತನ್ನ ಜೀವನ ವೃತ್ತಾಂತವನ್ನು ಸ್ವತಃ ಜರ್ಮನ್ ಭಾಷೆಯಲ್ಲಿ ಬರೆದಿಟ್ಟಿದ್ದಾನೆ. ಅವನಂತಹ ವಲಸೆಗಾರರಲ್ಲಿ ಇದು ಅಪರೂಪ. ಎರಡನೆಯದು, ಅಂತಹ ಆತ್ಮವೃತ್ತಾಂತವಿದ್ದರೂ ಈ ಮನೆತನದ ಕುರಿತು ಒಂದು ಮುಖ್ಯ ಪ್ರಶ್ನೆ ಬಹುಕಾಲ ವಿವಾದವಾಗಿಯೇ ಉಳಿದಿತ್ತು. ಬರೆದಿಟ್ಟ ಮಾತು ಎಷ್ಟು ಹೇಳುತ್ತದೆ, ಎಷ್ಟನ್ನು ಹೇಳದೆ ಬಿಡುತ್ತದೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ವಲಸೆಯ ಹಿನ್ನೆಲೆ

1709ರ ವಸಂತ ಮತ್ತು ಬೇಸಿಗೆಯಲ್ಲಿ ರೈನ್ ನದಿಯ ಕಣಿವೆ ಹಾಗೂ ಅದರ ಸುತ್ತಲಿನ ಸಂಸ್ಥಾನಗಳಿಂದ ಸಾವಿರಾರು ಮಂದಿ ಊರು ಬಿಟ್ಟು ಹೊರಟರು. ಫ್ರೆಂಚ್ ಸೇನೆಗಳ ಪದೇ ಪದೇ ದಾಳಿ, ಭಾರವಾದ ತೆರಿಗೆ, 1708–09ರ ಅತಿ ಕಠೋರ ಚಳಿಗಾಲದಲ್ಲಿ ದ್ರಾಕ್ಷಿ ತೋಟಗಳಿಗಾದ ನಾಶ ಇವು ಕಾರಣಗಳು. ಜೊತೆಗೆ ಕೊಖೆರ್ಟಾಲ್ ಎಂಬ ಲೂಥರನ್ ಧರ್ಮಬೋಧಕನು ಕೆರೊಲಿನಾ ಪ್ರಾಂತವನ್ನು ಹೊಗಳಿ ಪ್ರಕಟಿಸಿದ್ದ ಕಿರುಹೊತ್ತಗೆಯು ರಾಣಿ ಆ್ಯನ್‌ಳ ಆಶ್ರಯ ದೊರೆಯುವುದೆಂಬ ನಿರೀಕ್ಷೆಯನ್ನು ಹಬ್ಬಿಸಿತ್ತು. ಆ ವರ್ಷ ಸುಮಾರು 13,000 ಮಂದಿ ಲಂಡನ್ ತಲುಪಿದರು. ಅವರೆಲ್ಲರನ್ನೂ ಇಂಗ್ಲಿಷರು 'ಪ್ಯಾಲಟೈನ್'ರೆಂದು ಕರೆದರು.

ಸಂಶೋಧಕನು ಎಚ್ಚರದಿಂದಿರಬೇಕಾದ ಮೊದಲ ಸ್ಥಳವೇ ಇದು. ಪ್ಯಾಲಟಿನೇಟ್ ಎಂಬುದು ಒಂದು ನಿರ್ದಿಷ್ಟ ಸಂಸ್ಥಾನದ ಹೆಸರು. ಆದರೆ ಹೆಸ್ಸೆ, ನಸ್ಸಾವ್, ವ್ಯೂರ್ಟೆಂಬರ್ಗ್ ಮೊದಲಾದ ಕಡೆಗಳಿಂದ ಬಂದವರನ್ನೂ ಇಂಗ್ಲಿಷ್ ದಾಖಲೆಗಳು ಅದೇ ಹೆಸರಿನಿಂದ ಗುರುತಿಸುತ್ತವೆ. ವೈಸರ್ ಮನೆತನ ವ್ಯೂರ್ಟೆಂಬರ್ಗ್ ಸಂಸ್ಥಾನದ ಗ್ರೋಸಾಸ್ಪಾಖ್ ಎಂಬ ಊರಿನದು. ಮಂಗಳೂರಿನಲ್ಲಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ ಹರ್ಮನ್ ಮೋಗ್ಲಿಂಗ್ ಮುಂದೆ 1811ರಲ್ಲಿ ಜನಿಸಿದ್ದೂ ಇದೇ ವ್ಯೂರ್ಟೆಂಬರ್ಗಿನಲ್ಲಿ. 'ಪ್ಯಾಲಟೈನ್' ಎಂಬ ಪದವನ್ನು ನಂಬಿ ಪ್ಯಾಲಟಿನೇಟಿನ ಚರ್ಚುಗಳಲ್ಲಿ ವೈಸರನನ್ನು ಹುಡುಕಿದವನಿಗೆ ಏನೂ ಸಿಗಲಾರದು. ಈ ಪದವು ಮೂಲಸ್ಥಾನವನ್ನು ಸೂಚಿಸುವುದಿಲ್ಲ, ವಲಸೆಯ ಸಂದರ್ಭವನ್ನು ಮಾತ್ರ ಸೂಚಿಸುತ್ತದೆ.

ಮೂಲಸ್ಥಾನದ ದಾಖಲೆಗಳು

ಕಾನ್ರಾಡನ ಆತ್ಮವೃತ್ತಾಂತದ ಪ್ರಕಾರ ಅವನು ಹುಟ್ಟಿದ್ದು 1696ರ ನವೆಂಬರ್ 2ರಂದು, ಹೆರೆನ್‌ಬರ್ಗ್ ಪ್ರದೇಶದ ಆಫ್‌ಷ್ಟೆಟ್ ಎಂಬ ಹಳ್ಳಿಯಲ್ಲಿ. ದೀಕ್ಷಾಸ್ನಾನ ನಡೆದದ್ದು ನೆರೆಯ ಕುಪ್ಪಿಂಗೆನ್‌ನಲ್ಲಿ. ಮನೆತನದ ಊರು ಗ್ರೋಸಾಸ್ಪಾಖ್ ಆಗಿರುವಾಗ ಮಗು ಬೇರೆಡೆ ಹುಟ್ಟಿದ್ದೇಕೆ? ತಂದೆಯು ವ್ಯೂರ್ಟೆಂಬರ್ಗಿನ ಅಶ್ವದಳದಲ್ಲಿ ಕಾರ್ಪೊರಲ್ ಆಗಿದ್ದು, ಆಗ ಅಲ್ಲಿ ಬೀಡುಬಿಟ್ಟಿದ್ದನು. ಸೈನಿಕನ ಮಕ್ಕಳ ದೀಕ್ಷಾಸ್ನಾನ ದಳವಿದ್ದ ಊರಿನ ಚರ್ಚಿನಲ್ಲಿ ದಾಖಲಾಗುವುದು ಸಹಜ. ಆದುದರಿಂದ ಮನೆತನದ ಊರೊಂದರ ಪುಸ್ತಕವನ್ನಷ್ಟೇ ನೋಡಿ, ಇಂತಹ ಮಗು ಹುಟ್ಟಿಯೇ ಇಲ್ಲವೆಂದು ತೀರ್ಮಾನಿಸುವುದು ಸರಿಯಲ್ಲ.

ಗ್ರೋಸಾಸ್ಪಾಖ್‌ನಲ್ಲಿ ತನ್ನ ಅಜ್ಜ, ಮುತ್ತಜ್ಜಂದಿರು ಗ್ರಾಮಾಧಿಕಾರಿಗಳಾಗಿದ್ದರೆಂದೂ, ತನ್ನ ತಾಯಿಯನ್ನು ಅಲ್ಲಿಯೇ ಹಿರಿಯರ ಸಮಾಧಿಗಳ ಬಳಿ ಹೂಳಲಾಯಿತೆಂದೂ ಅವನು ಬರೆಯುತ್ತಾನೆ. ತಾಯಿ ಆನ್ನಾ ಮಗ್ದಲೇನಾ ತೀರಿಕೊಂಡದ್ದು 1709ರ ಮೇ 1ರಂದು. ಎರಡು ತಿಂಗಳು ಕಳೆಯುವ ಮೊದಲೇ, ಜೂನ್ 24ರಂದು ತಂದೆ ಎಂಟು ಮಕ್ಕಳೊಡನೆ ಊರು ಬಿಟ್ಟನು. ಹಿರಿಯ ಮಗಳು ಕ್ಯಾಥರೀನಾ ಮಾತ್ರ ಗಂಡ ಮತ್ತು ಇಬ್ಬರು ಮಕ್ಕಳೊಂದಿಗೆ ಅಲ್ಲಿಯೇ ಉಳಿದಳು. ಮನೆ, ಹೊಲ, ದ್ರಾಕ್ಷಿ ತೋಟಗಳನ್ನು ತಂದೆ ಅವರಿಗೆ ಬಿಟ್ಟುಕೊಟ್ಟನು. ಅಮೆರಿಕದ ಕಡೆಯಿಂದಷ್ಟೇ ಹೊರಟ ವಂಶಾವಳಿಗಳಲ್ಲಿ ಇಂತಹ ಮಗಳು ಸುಲಭವಾಗಿ ಮರೆಯಾಗುತ್ತಾಳೆ. ಆದರೆ ಶೋಧದ ದೃಷ್ಟಿಯಿಂದ ಹಿಂದೆ ಉಳಿದವರೇ ಹೆಚ್ಚು ಮುಖ್ಯ. ಹೊರಟುಹೋದವನ ಹೆಸರು ಊರಿನ ಪುಸ್ತಕದಿಂದ ಕಾಣೆಯಾಗುತ್ತದೆ. ಉಳಿದವರ ಮದುವೆ, ಮರಣ, ಆಸ್ತಿ ವಿಭಾಗದ ದಾಖಲೆಗಳಲ್ಲಿ ಮಾತ್ರ ಅವನ ಸುಳಿವು ಉಳಿಯುತ್ತದೆ.

ವ್ಯೂರ್ಟೆಂಬರ್ಗಿನ ಲೂಥರನ್ ಚರ್ಚುಗಳಲ್ಲಿ ದೀಕ್ಷಾಸ್ನಾನ, ವಿವಾಹ ಮತ್ತು ಮರಣಗಳನ್ನು ದಾಖಲಿಸುವ ಪದ್ಧತಿ ಹದಿನಾರನೆಯ ಶತಮಾನದಿಂದಲೇ ರೂಢಿಯಲ್ಲಿದೆ. ಮೂವತ್ತು ವರ್ಷಗಳ ಯುದ್ಧ (1618–1648) ಹಾಗೂ ಅನಂತರದ ಫ್ರೆಂಚ್ ದಾಳಿಗಳಲ್ಲಿ ಹಲವು ಊರುಗಳ ಪುಸ್ತಕಗಳು ಸುಟ್ಟುಹೋದವು. ಉಳಿದವುಗಳ ಪೈಕಿ ಬಹಳಷ್ಟನ್ನು 2015ರಲ್ಲಿ ಆರಂಭವಾದ ಆರ್ಕಿಯಾನ್ ಎಂಬ ಜಾಲತಾಣದ ಮೂಲಕ ಈಗ ದೂರದಿಂದಲೇ ನೋಡಬಹುದಾಗಿದೆ. ಆದರೂ ಹಳೆಯ ಜರ್ಮನ್ ಕೈಬರಹವನ್ನು ಓದಬಲ್ಲ ಪರಿಣತಿಗೆ ಪರ್ಯಾಯವಿಲ್ಲ.

ಹೆಸರಿನ ಸಮಸ್ಯೆ

ಜರ್ಮನ್ ದೀಕ್ಷಾನಾಮಗಳ ಪದ್ಧತಿಯನ್ನು ಅರಿಯದವರಿಗೆ ಈ ದಾಖಲೆಗಳು ಗೊಂದಲವುಂಟುಮಾಡುತ್ತವೆ. ಗಂಡುಮಕ್ಕಳಿಗೆ 'ಯೋಹಾನ್', ಹೆಣ್ಣುಮಕ್ಕಳಿಗೆ 'ಆನ್ನಾ' ಅಥವಾ 'ಮರಿಯಾ' ಎಂಬ ಪೂರ್ವನಾಮವನ್ನಿಟ್ಟು, ಕರೆಯುವ ಹೆಸರನ್ನು ಎರಡನೆಯದಾಗಿ ಇಡುವುದು ವಾಡಿಕೆಯಾಗಿತ್ತು. ಯೋಹಾನ್ ಕಾನ್ರಾಡ್ ಎಂಬವನು ಜನರ ಬಾಯಲ್ಲಿ ಕಾನ್ರಾಡ್. ಯೋಹಾನ್ ಫ್ರೀಡ್ರಿಖ್ ಎಂಬವನು ಫ್ರೀಡ್ರಿಖ್. ಇಂಗ್ಲಿಷ್ ಗುಮಾಸ್ತನು ಮೊದಲ ಹೆಸರನ್ನಷ್ಟೇ ಬರೆದುಕೊಂಡಲ್ಲಿ ಒಂದೇ ಮನೆಯ ನಾಲ್ವರು ಸಹೋದರರು ನಾಲ್ವರು 'ಜಾನ್'ಗಳಾಗಿಬಿಡುತ್ತಾರೆ. 'ಯೋಹಾನೆಸ್' ಎಂಬ ಪೂರ್ಣ ರೂಪವಿದ್ದರೆ ಮಾತ್ರ ಅದು ಸಾಮಾನ್ಯವಾಗಿ ಕರೆಯುವ ಹೆಸರೇ ಆಗಿರುತ್ತದೆ.

ವೈಸರ್ ಮನೆಯಲ್ಲಿ ಜಾರ್ಜ್ ಫ್ರೀಡ್ರಿಖ್, ಕ್ರಿಸ್ಟೋಫ್ ಫ್ರೀಡ್ರಿಖ್, ಯೋಹಾನ್ ಫ್ರೀಡ್ರಿಖ್ ಎಂಬ ಮೂವರು ಸಹೋದರರಿದ್ದರು. ಇವರಲ್ಲಿ ಯಾರಾದರೂ ಬರಿಯ 'ಫ್ರೆಡರಿಕ್' ಎಂದು ದಾಖಲಾಗಿದ್ದರೆ, ವಯಸ್ಸು ಮತ್ತು ವಾಸಸ್ಥಳಗಳನ್ನು ತಾಳೆ ನೋಡದೆ ಅವನು ಯಾರೆಂದು ನಿರ್ಧರಿಸಲಾಗದು. ತೀರಿಕೊಂಡ ಮಗುವಿನ ಹೆಸರನ್ನೇ ಅನಂತರ ಹುಟ್ಟಿದ ಮಗುವಿಗೆ ಇಡುವ ರೂಢಿಯೂ ಆ ಸಮಾಜದಲ್ಲಿತ್ತು. ಹೀಗಾಗಿ ದೀಕ್ಷಾಸ್ನಾನದ ನಮೂದು ದೊರೆತ ಮಾತ್ರಕ್ಕೆ ಆ ಮಗುವೇ ಬೆಳೆದು ದೊಡ್ಡವನಾದನೆಂದು ಭಾವಿಸಕೂಡದು. ಮರಣದ ಪುಸ್ತಕವನ್ನೂ ನೋಡಬೇಕು.

ಮನೆತನದ ಹೆಸರುಗಳ ಪಾಡು ಬೇರೆ. ಉಚ್ಚಾರಣೆಯನ್ನು ಕೇಳಿ ಬರೆದುಕೊಂಡ ಗುಮಾಸ್ತರ ಕೈಯಲ್ಲಿ ಒಂದೇ ಹೆಸರು ಹಲವು ಕಾಗುಣಿತಗಳನ್ನು ತಳೆಯಿತು. ಕೆಲವರು ತಮ್ಮ ಹೆಸರನ್ನೇ ಅನುವಾದಿಸಿಕೊಂಡರು. ಬಡಗಿಯೆಂಬ ಅರ್ಥದ 'ಟ್ಸಿಮ್ಮರ್‌ಮಾನ್' ಹೀಗೆ 'ಕಾರ್ಪೆಂಟರ್' ಆಯಿತು. ಸ್ತ್ರೀಯರ ಮನೆತನದ ಹೆಸರಿಗೆ 'ಇನ್' ಎಂಬ ಪ್ರತ್ಯಯ ಸೇರಿಸುವ ಜರ್ಮನ್ ಪದ್ಧತಿಯಿಂದ 'ವೈಸರಿನ್' ಎಂಬ ರೂಪ ಕಂಡುಬಂದರೆ ಅದು ಬೇರೊಂದು ಮನೆತನವಲ್ಲ.

ಪ್ರಯಾಣದ ಪಟ್ಟಿಗಳು

1709ರ ಮೇ ತಿಂಗಳಿನಿಂದ ಲಂಡನ್ನಿನಲ್ಲಿ ಇಬ್ಬರು ಜರ್ಮನ್ ಧರ್ಮಬೋಧಕರು ವಲಸೆಗಾರರ ನಾಲ್ಕು ಪಟ್ಟಿಗಳನ್ನು ತಯಾರಿಸಿದರು. ವಯಸ್ಸು, ವೃತ್ತಿ, ಧರ್ಮಪಂಥ, ಮಕ್ಕಳ ವಿವರಗಳಿರುವ ಈ ಪಟ್ಟಿಗಳು ಅಮೂಲ್ಯವಾದವು. ಆದರೆ ಜೂನ್ ಮಧ್ಯಭಾಗದ ವೇಳೆಗೆ, ಬರುವವರ ಸಂಖ್ಯೆ ಕೈಮೀರಿದಾಗ, ಪಟ್ಟಿ ಮಾಡುವುದು ನಿಂತುಹೋಯಿತು. ವೈಸರ್ ಕುಟುಂಬ ಊರು ಬಿಟ್ಟದ್ದು ಜೂನ್ 24ರಂದು. ಆದುದರಿಂದ ಆ ಪಟ್ಟಿಗಳಲ್ಲಿ ಅವರು ಕಾಣಿಸಿಕೊಳ್ಳಲು ಸಾಧ್ಯವೇ ಇಲ್ಲ.

ಇಲ್ಲಿ ಪಂಚಾಂಗದ ಪ್ರಶ್ನೆಯೊಂದು ಏಳುತ್ತದೆ. ಜರ್ಮನಿಯ ಪ್ರಾಟೆಸ್ಟೆಂಟ್ ಸಂಸ್ಥಾನಗಳು 1700ರಲ್ಲಿ ಹೊಸ ಕಾಲಗಣನೆಗೆ ಹೊರಳಿದವು. ಬ್ರಿಟನ್ ಮತ್ತು ಅದರ ವಸಾಹತುಗಳು 1752ರವರೆಗೂ ಹಳೆಯ ಗಣನೆಯಲ್ಲೇ ಉಳಿದವು. ಎರಡರ ನಡುವೆ ಆಗ 11 ದಿನಗಳ ಅಂತರವಿತ್ತು. ಜೂನ್ 24 ಎಂಬುದು ಜರ್ಮನ್ ಗಣನೆಯದಾದರೆ ಇಂಗ್ಲಿಷ್ ಗಣನೆಯಲ್ಲಿ ಅದು ಜೂನ್ 13 ಆಗುತ್ತದೆ. ಹಾಗೆಣಿಸಿದರೂ ಎರಡು ಮೂರು ದಿನಗಳಲ್ಲಿ ಗ್ರೋಸಾಸ್ಪಾಖ್‌ನಿಂದ ಲಂಡನ್ ತಲುಪುವುದು ಅಶಕ್ಯ. ಇಂಗ್ಲಿಷ್ ಕಚೇರಿಗಳಲ್ಲಿ ಹೊಸ ವರ್ಷವು ಮಾರ್ಚ್ 25ರಂದು ಆರಂಭವಾಗುತ್ತಿದ್ದುದನ್ನೂ ಗಮನಿಸಬೇಕು. ನಮ್ಮ ಎಣಿಕೆಯ 1711ರ ಫೆಬ್ರವರಿ ಅಲ್ಲಿ 1710ರ ಫೆಬ್ರವರಿಯೆಂದು ದಾಖಲಾಗಿರಬಹುದು. ಇದನ್ನು ಅರಿಯದಿದ್ದರೆ ತಂದೆ ತಾಯಿಯ ವಿವಾಹಕ್ಕೆ ಮೊದಲೇ ಮಗು ಹುಟ್ಟಿದಂತೆ, ಉಯಿಲು ಬರೆಯುವ ಮೊದಲೇ ಅದರ ಕರ್ತೃ ಸತ್ತಂತೆ ತೋರಬಹುದು.

ಹಡಗಿನ ಪ್ರಯಾಣದ ವಿಷಯದಲ್ಲಿ ಆತ್ಮವೃತ್ತಾಂತವನ್ನೂ ವಿಮರ್ಶಿಸಿ ಓದಬೇಕಾಗುತ್ತದೆ. 1709ರ ಕ್ರಿಸ್‌ಮಸ್ ವೇಳೆಗೆ ಸುಮಾರು 4,000 ಮಂದಿ ಹತ್ತು ಹಡಗುಗಳನ್ನೇರಿದರೆಂದೂ, 1710ರ ಜೂನ್ 13ರಂದು ತಾವು ನ್ಯೂಯಾರ್ಕ್ ತಲುಪಿದೆವೆಂದೂ ಕಾನ್ರಾಡ್ ಬರೆಯುತ್ತಾನೆ. ಸರಕಾರಿ ಕಡತಗಳ ಆಧಾರದಿಂದ ಸಂಶೋಧಕರು ಹಡಗೇರಿದವರ ಸಂಖ್ಯೆ 3,000ದ ಆಸುಪಾಸಿನಲ್ಲಿತ್ತೆಂದು ನಿರ್ಣಯಿಸಿದ್ದಾರೆ. ಹಡಗುಗಳು ಇಂಗ್ಲೆಂಡಿನ ತೀರದಲ್ಲೇ ತಿಂಗಳುಗಟ್ಟಲೆ ತಂಗಿದ್ದು, ಹೊರಟದ್ದು 1710ರ ಏಪ್ರಿಲ್‌ನಲ್ಲಿ. ಪ್ರಯಾಣದಲ್ಲಿ ಮತ್ತು ಇಳಿದ ಮೊದಲ ವಾರಗಳಲ್ಲಿ 400ಕ್ಕೂ ಹೆಚ್ಚು ಮಂದಿ ಜ್ವರದಿಂದ ಮಡಿದರು. ಹದಿಮೂರು ವರ್ಷದ ಬಾಲಕನಾಗಿ ಕಂಡದ್ದನ್ನು ಕಾನ್ರಾಡ್ ಹಿರಿಯನಾದ ಮೇಲೆ ಬರೆದಿದ್ದಾನೆ. ಕುಟುಂಬದ ಸಂಗತಿಗಳಿಗೆ ಅವನ ಮಾತು ಪ್ರಥಮ ದರ್ಜೆಯ ಆಕರ. ಜನಸಂಖ್ಯೆಯಂತಹ ವಿಷಯಗಳಿಗೆ ಅದು ಕೇಳಿದ ಮಾತು ಮಾತ್ರ. ಒಂದೇ ಗ್ರಂಥದ ಎರಡು ವಾಕ್ಯಗಳಿಗೆ ಒಂದೇ ಪ್ರಾಮಾಣ್ಯವಿರಬೇಕೆಂದೇನಿಲ್ಲ.

ಪಡಿಯ ಲೆಕ್ಕ ಮತ್ತು ಚದುರಿದ ಮಕ್ಕಳು

ಬ್ರಿಟಿಷ್ ನೌಕಾಪಡೆಗೆ ಬೇಕಾದ ಟಾರನ್ನು ಪೈನ್ ಮರಗಳಿಂದ ತೆಗೆಸುವ ಯೋಜನೆಯ ಮೇರೆಗೆ ವಲಸೆಗಾರರನ್ನು ಹಡ್ಸನ್ ನದಿಯ ದಡದಲ್ಲಿ ನೆಲೆಗೊಳಿಸಲಾಯಿತು. ಗವರ್ನರ್ ರಾಬರ್ಟ್ ಹಂಟರನು ಅವರಿಗೆ ನೀಡಿದ ಪಡಿಯ ಲೆಕ್ಕಪಟ್ಟಿಗಳು 1710ರಿಂದ 1712ರವರೆಗೆ ಲಭ್ಯವಿವೆ. ಪ್ರತಿ ಪಟ್ಟಿಯಲ್ಲೂ ಕುಟುಂಬದ ಯಜಮಾನನ ಹೆಸರು, ಹತ್ತು ವರ್ಷ ಮೀರಿದವರ ಸಂಖ್ಯೆ, ಹತ್ತರೊಳಗಿನವರ ಸಂಖ್ಯೆ ಇವೆ. ಮಡದಿ ಮಕ್ಕಳ ಹೆಸರುಗಳಿಲ್ಲ. ಇದು ಬರಿಯ ಖರ್ಚಿನ ಲೆಕ್ಕ.

ಆದರೂ ಇವುಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದಾಗ ಕುಟುಂಬದ ಕಥೆ ಹೊರಡುತ್ತದೆ. ಹತ್ತರೊಳಗಿನವರಲ್ಲಿ ಒಬ್ಬರು ಕಡಿಮೆಯಾಗಿ ಮೀರಿದವರಲ್ಲಿ ಒಬ್ಬರು ಹೆಚ್ಚಾದರೆ ಮಗುವಿಗೆ ಹತ್ತು ತುಂಬಿತೆಂದು ತಿಳಿಯಬಹುದು. ಹತ್ತರೊಳಗಿನವರಲ್ಲಿ ಮಾತ್ರ ಕಡಿಮೆಯಾದರೆ ಮಗು ಸತ್ತಿರಬೇಕು ಅಥವಾ ಮನೆಯಿಂದ ದೂರವಾಗಿರಬೇಕು. ಯಜಮಾನನ ಹೆಸರಿದ್ದಲ್ಲಿ ಸ್ತ್ರೀಯ ಹೆಸರು ಬಂದರೆ ಆಕೆ ವಿಧವೆಯಾಗಿರುವ ಸಂಭವ ಹೆಚ್ಚು. ಕೊಖೆರ್ಟಾಲ್‌ನ ಚರ್ಚಿನ ದಾಖಲೆ ಪುಸ್ತಕ (1708–1719) ಹಾಗೂ ಯೂರೋಪಿಗೆ ಮರಳಿದ ಉಲ್ರಿಖ್ ಸಿಮ್ಮೆಂಡಿಂಗರ್ 1717ರಲ್ಲಿ ಅಚ್ಚು ಹಾಕಿಸಿದ ಕುಟುಂಬಗಳ ಪಟ್ಟಿಯೊಂದಿಗೆ ತಾಳೆ ಹಾಕಿದರೆ ಈ ಊಹೆಗಳು ದೃಢಪಡುತ್ತವೆ, ಇಲ್ಲವೇ ಬಿದ್ದುಹೋಗುತ್ತವೆ. ಹೆನ್ರಿ ಜೋನ್ಸ್ 1985ರಲ್ಲಿ ಪ್ರಕಟಿಸಿದ 'ದಿ ಪ್ಯಾಲಟೈನ್ ಫ್ಯಾಮಿಲೀಸ್ ಆಫ್ ನ್ಯೂಯಾರ್ಕ್' ಎಂಬ ಗ್ರಂಥವು ಹಂಟರನ ಪಟ್ಟಿಗಳ 847 ಕುಟುಂಬಗಳನ್ನು ಹೀಗೆಯೇ ಪರಿಶೀಲಿಸಿದೆ. ಒಂದೇ ಊರಿನವರು ಒಟ್ಟಾಗಿ ಪಯಣಿಸಿದರು, ಪಟ್ಟಿಗಳಲ್ಲಿ ಒತ್ತಾಗಿ ಕಾಣಿಸಿಕೊಂಡರು, ಒಬ್ಬರ ಮಕ್ಕಳ ದೀಕ್ಷಾಸ್ನಾನಕ್ಕೆ ಇನ್ನೊಬ್ಬರು ಸಾಕ್ಷಿ ನಿಂತರು. ಒಬ್ಬನ ಊರು ತಿಳಿಯದಿದ್ದರೆ ಅವನ ನೆರೆಯವನ ಊರಿನಲ್ಲಿ ಹುಡುಕಬೇಕೆಂಬುದು ಈ ಕ್ರಮದ ತಿರುಳು.

ವೈಸರ್ ಕುಟುಂಬ ಈ ಅವಧಿಯಲ್ಲಿ ಅನುಭವಿಸಿದ್ದನ್ನು ಮಾತ್ರ ಯಾವ ಲೆಕ್ಕಪಟ್ಟಿಯೂ ಹೇಳುವುದಿಲ್ಲ. ಜಾರ್ಜ್ ಫ್ರೀಡ್ರಿಖ್ ಮತ್ತು ಕ್ರಿಸ್ಟೋಫ್ ಫ್ರೀಡ್ರಿಖ್ ಎಂಬ ಇಬ್ಬರು ಹುಡುಗರನ್ನು ಗವರ್ನರನು ಲಾಂಗ್ ಐಲೆಂಡಿಗೆ ದುಡಿಮೆಯ ಕರಾರಿನ ಮೇಲೆ ಕಳುಹಿಸಿದನು. ತಂದೆ ಆಗ ಕಾಯಿಲೆಯಿಂದ ಬಳಲುತ್ತಿದ್ದನು. ಕಿರಿಯವನಾದ ಯೋಹಾನ್ ಫ್ರೀಡ್ರಿಖ್ 1710ರ ಚಳಿಗಾಲದಲ್ಲಿ ಸುಮಾರು ಆರು ವರ್ಷದವನಾಗಿ ತೀರಿಕೊಂಡನು. 1711ರಲ್ಲಿ ತಂದೆ ಮರುಮದುವೆಯಾದನು. ಮಲತಾಯಿಯೊಡನೆ ಮಕ್ಕಳಿಗೆ ಹೊಂದಿಕೆಯಾಗಲಿಲ್ಲ. ಒಡಹುಟ್ಟಿದವರು ಒಬ್ಬೊಬ್ಬರಾಗಿ ಚದುರಿದರು. ಆ ವರ್ಷಗಳಲ್ಲಿ ಹೀಗೆ ಕರಾರಿಗೆ ಒಳಪಟ್ಟ ಪ್ಯಾಲಟೈನ್ ಮಕ್ಕಳಲ್ಲಿ, ಮುದ್ರಕ ವಿಲಿಯಂ ಬ್ರಾಡ್‌ಫರ್ಡನ ಬಳಿ ಸೇರಿದ ಜಾನ್ ಪೀಟರ್ ಜೆಂಗರನೂ ಒಬ್ಬ. 1735ರಲ್ಲಿ ಪತ್ರಿಕಾ ಸ್ವಾತಂತ್ರ್ಯದ ಪ್ರಸಿದ್ಧ ಮೊಕದ್ದಮೆಯನ್ನು ಎದುರಿಸಿದವನು ಇವನೇ. ಹೆಸರು ಮಾಡದ ಮಕ್ಕಳನ್ನು ಕುರಿತು ಮಾತ್ರ ಕರಾರಿನ ಪಟ್ಟಿಯ ಒಂದು ಸಾಲೇ ಕೊನೆಯ ದಾಖಲೆಯಾಗಿ ಉಳಿದಿರುವುದುಂಟು. ಮಗು ತಂದೆಯ ಪಡಿಪಟ್ಟಿಯಿಂದ ಮಾಯವಾದುದಕ್ಕೆ ಮರಣವೊಂದೇ ಕಾರಣವಲ್ಲವೆಂಬುದನ್ನು ಈ ಪಟ್ಟಿಗಳು ನೆನಪಿಸುತ್ತವೆ.

ಆನ್ನಾ ಈವ್ ಯಾರು?

1712ರ ಸೆಪ್ಟೆಂಬರಿನಲ್ಲಿ ಪಡಿ ನಿಂತಿತು. ಅನೇಕ ಕುಟುಂಬಗಳು ಸ್ಕೋಹಾರಿ ಕಣಿವೆಗೆ ತೆರಳಿದವು. ತಂದೆಯು ಹದಿನಾರರ ಕಾನ್ರಾಡನನ್ನು 1712–13ರ ಚಳಿಗಾಲದಲ್ಲಿ ಮೊಹಾಕ್ ಜನರ ನಡುವೆ ಬಿಟ್ಟನು. ಸುಮಾರು ಎಂಟು ತಿಂಗಳು ಹಸಿವು ಮತ್ತು ಚಳಿಯನ್ನು ಸಹಿಸಿ ಅವನು ಅವರ ಭಾಷೆಯನ್ನು ಕಲಿತನು. ಮುಂದೆ ಪೆನ್ಸಿಲ್ವೇನಿಯಾ ಸರಕಾರ ಮತ್ತು ಇರೊಕ್ವಾ ಒಕ್ಕೂಟದ ನಡುವಿನ ದುಭಾಷಿಯಾಗಿ ಅವನು ಗಳಿಸಿದ ಖ್ಯಾತಿಗೆ ಇದೇ ಬುನಾದಿ.

1720ರಲ್ಲಿ ಅವನು ಮದುವೆಯಾದನು. ಆತ್ಮವೃತ್ತಾಂತದಲ್ಲಿ ಹೆಂಡತಿಯ ಹೆಸರು 'ಆನ್ನಾ ಈವ್' ಎಂದಷ್ಟೇ ಇದೆ. ಅವಳ ತೌರುಮನೆಯ ಹೆಸರಿಲ್ಲ. ಮೊಹಾಕರೊಡನೆ ಅವನಿಗಿದ್ದ ನಿಕಟ ಸಂಬಂಧವನ್ನೂ ಈ ಮೌನವನ್ನೂ ಜೋಡಿಸಿ, ಆನ್ನಾ ಈವ್ ಮೊಹಾಕ್ ಸ್ತ್ರೀಯಾಗಿದ್ದಳೆಂಬ ಐತಿಹ್ಯ ಬೆಳೆಯಿತು. ಅದು ಮನೆತನದ ಹಲವು ಶಾಖೆಗಳಲ್ಲಿ ಹೆಮ್ಮೆಯ ವಿಷಯವೂ ಆಯಿತು.

ಈ ಐತಿಹ್ಯವನ್ನು ಆಕರಗಳ ಒರೆಗೆ ಹಚ್ಚಿದರೆ ಅದು ನಿಲ್ಲುವುದಿಲ್ಲ. ಮೊದಲನೆಯದಾಗಿ, ಕಾನ್ರಾಡನ ಅಳಿಯ ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್ ಆಕೆಯನ್ನು ಜರ್ಮನ್ ಕ್ರೈಸ್ತ ಕುಟುಂಬದವಳೆಂದು ತಿಳಿಸಿದ್ದಾನೆ. 1745ರಲ್ಲಿ ಆಕೆಯ ಮಗಳನ್ನು ಮದುವೆಯಾಗಿ, ಅತ್ತೆಯನ್ನು ಕಣ್ಣಾರೆ ಬಲ್ಲವನ ಮಾತಿದು. ಎರಡನೆಯದಾಗಿ, ವಂಶಾವಳಿ ಸಂಶೋಧಕರು ಆಕೆಯನ್ನು 1710ರ ವಲಸೆಗಾರರಲ್ಲೇ ಒಂದಾದ ಫೆಕ್ ಮನೆತನದ ಮಗಳೆಂದು ಗುರುತಿಸಿದ್ದಾರೆ. ಮೂರನೆಯದಾಗಿ, ಮೌನವನ್ನು ಸಾಕ್ಷ್ಯವೆಂದು ಭಾವಿಸುವುದೇ ತರ್ಕದೋಷ. ಆ ಕಾಲದ ಬರಹಗಳಲ್ಲಿ ಹೆಂಡತಿಯ ತೌರಿನ ಹೆಸರನ್ನು ಬಿಡುವುದು ಸಾಮಾನ್ಯವಾಗಿತ್ತು. ಅದಕ್ಕೆ ವಿಶೇಷ ಕಾರಣವನ್ನು ಹುಡುಕಬೇಕಾಗಿಲ್ಲ.

ವಂಶವಾಹಿ ಪರೀಕ್ಷೆಗಳು ಇಂದು ಇಂತಹ ಪ್ರಶ್ನೆಗಳಿಗೆ ಉತ್ತರ ನೀಡಬಲ್ಲವೆಂಬ ನಂಬಿಕೆಯಿದೆ. ಅದರ ಮಿತಿಯನ್ನು ತಿಳಿಯುವುದು ಅಗತ್ಯ. ಎಂಟು ತಲೆಮಾರು ಹಿಂದಿನ ಒಬ್ಬ ಪೂರ್ವಜರಿಂದ ಬರುವ ಅಂಶವು ಸರಾಸರಿ ಶೇಕಡಾ ಅರ್ಧಕ್ಕಿಂತ ಕಡಿಮೆ. ಅದು ಪೂರ್ತಿಯಾಗಿ ಲೋಪವಾಗಿರುವುದೂ ಸಾಧ್ಯ. ಆದುದರಿಂದ ಸಾಮಾನ್ಯ ಪರೀಕ್ಷೆಯಲ್ಲಿ ಏನೂ ಕಾಣದಿದ್ದ ಮಾತ್ರಕ್ಕೆ ಐತಿಹ್ಯ ಸುಳ್ಳೆನ್ನಲಾಗದು. ತಾಯಿಯಿಂದ ಮಗಳಿಗೆ, ಆ ಮಗಳಿಂದ ಅವಳ ಮಗಳಿಗೆ ಬದಲಾಗದೆ ಸಾಗಿಬರುವ ಮೈಟೊಕಾಂಡ್ರಿಯದ ವಂಶವಾಹಿಯು ಮಾತ್ರ ಆನ್ನಾ ಈವ್‌ಳ ತಾಯಿಮೂಲವನ್ನು ನೇರವಾಗಿ ತೋರಬಲ್ಲದು. ಅದಕ್ಕೂ ಹೆಣ್ಣಿನ ಸಾಲು ಎಲ್ಲಿಯೂ ಕಡಿಯದೆ ಬಂದಿರುವ ಸಂತತಿ ಬೇಕು. ಆ ಸಾಲನ್ನು ಸ್ಥಾಪಿಸಲು ಮತ್ತೆ ಚರ್ಚಿನ ಪುಸ್ತಕಗಳಿಗೇ ಮರಳಬೇಕು.

ಪೆನ್ಸಿಲ್ವೇನಿಯಾದ ದಾಖಲೆಗಳು

ತಂದೆ ವೈಸರನು ಸ್ಕೋಹಾರಿಯ ಜಮೀನಿನ ಹಕ್ಕಿಗಾಗಿ ಅಹವಾಲು ಸಲ್ಲಿಸಲು 1718ರಲ್ಲಿ ಲಂಡನ್ನಿಗೆ ಹೊರಟು, ದಾರಿಯಲ್ಲಿ ಕಡಲ್ಗಳ್ಳರಿಂದ ಸುಲಿಗೆಗೊಳಗಾಗಿ, ಲಂಡನ್ನಿನಲ್ಲಿ ಸಾಲಗಾರರ ಸೆರೆಮನೆಯನ್ನೂ ಕಂಡು 1723ರಲ್ಲಿ ಬರಿಗೈಯಲ್ಲಿ ಮರಳಿದನು. ಹಕ್ಕು ದೊರೆಯದ ಕುಟುಂಬಗಳಲ್ಲಿ ಕೆಲವು ಆ ವರ್ಷವೇ ಸಸ್ಕ್ವಿಹಾನಾ ನದಿಯ ಮಾರ್ಗವಾಗಿ ಪೆನ್ಸಿಲ್ವೇನಿಯಾದ ಟಲ್ಪಹಾಕನ್ ಪ್ರದೇಶಕ್ಕೆ ಇಳಿದವು. ಕಾನ್ರಾಡನ ಸಂಸಾರ 1729ರಲ್ಲಿ ಅಲ್ಲಿಗೆ ಬಂದಿತು. ತಂದೆಯು 1746ರಲ್ಲಿ ಅಲ್ಲಿಯೇ ಕೊನೆಯುಸಿರೆಳೆದನು.

ಪೆನ್ಸಿಲ್ವೇನಿಯಾದ ಜರ್ಮನ್ ಮನೆತನಗಳನ್ನು ಶೋಧಿಸುವವರು ಮೊದಲು ತೆರೆಯುವುದು 1727ರಿಂದ 1775ರವರೆಗೆ ಫಿಲಡೆಲ್ಫಿಯಾ ಬಂದರಿನಲ್ಲಿ ದಾಖಲಾದ ಹಡಗುಗಳ ಪಟ್ಟಿಗಳನ್ನು. ಸ್ಟ್ರಾಸ್‌ಬರ್ಗರ್ ಮತ್ತು ಹಿಂಕೆ ಇವನ್ನು ಸಂಪಾದಿಸಿ 1934ರಲ್ಲಿ ಪ್ರಕಟಿಸಿದರು. ಹದಿನಾರು ವರ್ಷ ಮೀರಿದ ಗಂಡಸರು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಿ ಸಹಿ ಹಾಕಬೇಕಾಗಿತ್ತು. ಕಪ್ತಾನನ ಪಟ್ಟಿಯಲ್ಲಿ ವಿಕಾರಗೊಂಡ ಹೆಸರು ಸಹಿಯಲ್ಲಿ ಸರಿಯಾಗಿ ದೊರೆಯುವುದುಂಟು. ಆದರೆ ಈ ಪಟ್ಟಿಗಳಲ್ಲಿ ವೈಸರ್ ತಂದೆ ಮಕ್ಕಳನ್ನು ಹುಡುಕಿ ಫಲವಿಲ್ಲ. ಅವರು ಆ ಪ್ರಾಂತಕ್ಕೆ ಬಂದದ್ದು ಹಡಗಿನಿಂದಲ್ಲ, ನ್ಯೂಯಾರ್ಕಿನಿಂದ. ಅದೇ ಹೆಸರಿನ ಬೇರೊಬ್ಬನು ಅಲ್ಲಿ ಸಿಕ್ಕರೆ ಅವನನ್ನು ಈ ಮನೆತನಕ್ಕೆ ಸೇರಿಸುವ ಆಸೆಯನ್ನು ತಡೆಯಬೇಕು.

ನೆಲೆನಿಂತ ಅನಂತರ ದಾಖಲೆಗಳು ಸಮೃದ್ಧವಾಗುತ್ತವೆ. ಭೂಮಿಯ ಪತ್ರಗಳು, ತೆರಿಗೆ ಪಟ್ಟಿಗಳು, ಉಯಿಲುಗಳು, ಚರ್ಚಿನ ಪುಸ್ತಕಗಳು ಪರಸ್ಪರ ತುಂಬಿಕೊಳ್ಳುತ್ತವೆ. ಕಾನ್ರಾಡನ ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಏಳು ಮಂದಿ. ಮಗಳು ಆನ್ನಾ ಮರಿಯಾಳ ಮಕ್ಕಳಲ್ಲಿ ಪೀಟರ್ ಮ್ಯೂಲೆನ್‌ಬರ್ಗ್ ಸ್ವಾತಂತ್ರ್ಯ ಸಮರದ ಸೇನಾನಿಯಾದನು. ಫ್ರೆಡರಿಕ್ ಮ್ಯೂಲೆನ್‌ಬರ್ಗ್ 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಪ್ರಥಮ ಸಭಾಧ್ಯಕ್ಷನಾದನು. ಪಡಿಗಾಗಿ ಸಾಲು ನಿಂತಿದ್ದ ವಲಸೆಗಾರನ ಮರಿಮಗನು ಎಂಬತ್ತು ವರ್ಷಗಳೊಳಗೆ ಆ ಸ್ಥಾನವನ್ನೇರಿದ್ದು ಮಗಳ ಸಾಲಿನಲ್ಲಿ. ಗಂಡುಸಾಲನ್ನು ಮಾತ್ರ ಹಿಡಿದ ವಂಶಾವಳಿಯಲ್ಲಿ ಈ ಸಂಗತಿ ಕಾಣದೆ ಹೋಗುತ್ತದೆ.

ಉಪಸಂಹಾರ

ವೈಸರ್ ಮನೆತನದ ನಿದರ್ಶನದಿಂದ ಸ್ಪಷ್ಟವಾಗುವ ಅಂಶಗಳು ಇವು. ಪ್ರತಿಯೊಂದು ದಾಖಲೆಯೂ ತನ್ನದೇ ಆದ ಪ್ರಯೋಜನಕ್ಕಾಗಿ ಹುಟ್ಟಿದೆ. ಪಡಿಪಟ್ಟಿಗೆ ಬೇಕಾದದ್ದು ಹೊಟ್ಟೆಗಳ ಲೆಕ್ಕ, ಪ್ರಮಾಣಪಟ್ಟಿಗೆ ಗಂಡಸರ ಸಹಿ, ಚರ್ಚಿನ ಪುಸ್ತಕಕ್ಕೆ ಸಂಸ್ಕಾರದ ದಿನ. ಆ ಪ್ರಯೋಜನ ಮುಗಿದಲ್ಲಿ ದಾಖಲೆಯೂ ಮೌನವಾಗುತ್ತದೆ. ಹೆಸರು ಇಲ್ಲದಿರುವುದಕ್ಕೆ ಕಾರಣವನ್ನು ಮೊದಲು ಪಟ್ಟಿಯ ಸ್ವರೂಪದಲ್ಲಿ ಹುಡುಕಬೇಕು, ಬಳಿಕ ವ್ಯಕ್ತಿಯ ಬದುಕಿನಲ್ಲಿ. ಒಬ್ಬನ ಹೆಸರನ್ನು ಒಂಟಿಯಾಗಿ ಹಿಡಿದು ಹೊರಟರೆ ಜಾಡು ತಪ್ಪುತ್ತದೆ. ಜೊತೆಗೆ ಹೊರಟವರು, ನೆರೆಹೊರೆಯವರು, ಸಾಕ್ಷಿ ನಿಂತವರು, ಊರಿನಲ್ಲೇ ಉಳಿದವರು ಇವರೆಲ್ಲರ ನಡುವೆ ಇಟ್ಟು ನೋಡಿದಾಗ ಮಾತ್ರ ಅವನು ಗುರುತಿಗೆ ಸಿಗುತ್ತಾನೆ. ಐತಿಹ್ಯವನ್ನು ಪರೀಕ್ಷೆಯಿಲ್ಲದೆ ಒಪ್ಪುವಂತಿಲ್ಲ, ಪರೀಕ್ಷೆಯಿಲ್ಲದೆ ತಳ್ಳಿಹಾಕುವಂತೆಯೂ ಇಲ್ಲ.

ಹಿಂದೆ ಉಳಿದ ಕ್ಯಾಥರೀನಾ, ಕರಾರಿಗೆ ಹೋದ ಇಬ್ಬರು ಹುಡುಗರು, ಆರನೆಯ ವಯಸ್ಸಿಗೇ ತೀರಿಕೊಂಡ ಯೋಹಾನ್ ಫ್ರೀಡ್ರಿಖ್, ತೌರಿನ ಹೆಸರು ಕಳೆದುಕೊಂಡ ಆನ್ನಾ ಈವ್ ಇವರೆಲ್ಲರೂ ಖ್ಯಾತನಾಮನಾದ ಕಾನ್ರಾಡನಷ್ಟೇ ಈ ಮನೆತನಕ್ಕೆ ಸೇರಿದವರು. ಇವರಿಗೆ ಸಲ್ಲಬೇಕಾದ ಸ್ಥಾನವನ್ನು ನೀಡಿದಾಗಲೇ ವಂಶಾವಳಿಯು ಹೆಸರುಗಳ ಪಟ್ಟಿಯ ಮಟ್ಟವನ್ನು ಮೀರಿ ಚರಿತ್ರೆಯಾಗುತ್ತದೆ.